ವಯಸ್ಸಾದ ನಾಯಿಯ ಹಲ್ಲು ಕೀಳಿಸಲು ಇಷ್ಟು ಖರ್ಚು ಮಾಡಬೇಕಾ, ಮಾತ್ರೆಯಲ್ಲೇ ಸಾಗಿಸಬಹುದಾ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. 11 ವರ್ಷದ ಪೊಮೇರಿಯನ್, ಬಾಯಿ ನಾರುತ್ತದೆ, ಎಂಟು ಹಲ್ಲು ಕೀಳಬೇಕು ಅಂದಿದ್ದಾರೆ, ಖರ್ಚು ಕೇಳಿ ಎದೆ ಧಸಕ್ಕೆಂದಿದೆ. ‘ಇನ್ನೂ ಊಟ ಮಾಡ್ತಾನೆ, ಮಾತ್ರೆ ಕೊಟ್ಟು ನೋಡಬಹುದಲ್ವಾ’ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಾನೂ ಇದೇ ಮಾತು ಆಡಿದ್ದೆ. ಅದಕ್ಕೇ ಹೇಳುತ್ತೇನೆ, ಕೀಳಿಸಿಬಿಡಿ.

ನಮ್ಮದು ಕಲಬುರಗಿ, ಅಪ್ಪನ ಕೆರೆ ಹತ್ತಿರ ಮನೆ. ನಮ್ಮ ಚಿನ್ನಿಯೂ ಪೊಮೇರಿಯನ್. ಆಗ ಅದಕ್ಕೆ 10 ವರ್ಷ. ರೊಟ್ಟಿ ಹಾಕಿದರೆ ತಿನ್ನುತ್ತಿತ್ತು. ಆದರೆ ತಲೆ ವಾರೆ ಮಾಡಿ, ಎಡಗಡೆಯಿಂದ ಮಾತ್ರ. ತುಂಡು ಬಾಯಿಂದ ಜಾರಿ ಬೀಳುತ್ತಿತ್ತು, ಮತ್ತೆ ಎತ್ತಿಕೊಳ್ಳುತ್ತಿತ್ತು. ವಯಸ್ಸಾಯಿತು, ಹೀಗೇ ಅಂದುಕೊಂಡೆವು. ಬಾಯಿ ನೋಯುತ್ತಿದ್ದರೂ ಹೆಚ್ಚಿನ ನಾಯಿಗಳು ಹಸಿವಾದರೆ ತಿನ್ನುತ್ತವೆ. ಊಟ ಬಿಡುವವರೆಗೆ ಕಾದರೆ ತುಂಬಾ ತಡವಾಗಿರುತ್ತದೆ.

ಒಂದು ಬೆಳಿಗ್ಗೆ ಬಲಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು. ಜೇನು ಕಚ್ಚಿರಬೇಕು ಅಂತ ಅಮ್ಮ ಅಂದರು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್, ಕಣ್ಣಿಗೆ ಹನಿ, ಐದು ದಿನದ ಮಾತ್ರೆ ಕೊಟ್ಟರು. ಬಾವು ಇಳಿಯಿತು. ಒಂದೂವರೆ ತಿಂಗಳಿಗೆ ಮತ್ತೆ ಬಂತು. ಮತ್ತೆ ಮಾತ್ರೆ. ಹೀಗೆ ಹನ್ನೊಂದು ತಿಂಗಳು. ಕೊನೆಗೆ ಅದು ಒಡೆದು ಕೆನ್ನೆ ಮೇಲೆ ಕೀವು ಇಳಿಯಿತು. ಅಷ್ಟು ದಿನ ಯಾರೂ ಸರಿಯಾಗಿ ತುಟಿ ಎತ್ತಿ ನೋಡಿರಲಿಲ್ಲ, ನಾನೂ ಸೇರಿ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಕಾರಣ ಕಣ್ಣಲ್ಲ, ಹಲ್ಲು. ಮೇಲಿನ ದವಡೆಯಲ್ಲಿ ಮಾಂಸ ಕತ್ತರಿಸುವ ಒಂದು ದೊಡ್ಡ ಹಲ್ಲಿದೆ. ಅದಕ್ಕೆ ಮೂರು ಬೇರು. ಆ ಬೇರುಗಳ ತುದಿ ಕಣ್ಣಿನ ಕೆಳಗೇ ಬರುತ್ತದೆ. ಬೇರಿನಲ್ಲಿ ಕೀವಾದರೆ ಬಾವು ಅಲ್ಲಿ ಕಾಣುತ್ತದೆ. ಆಂಟಿಬಯೋಟಿಕ್ ಕೀವನ್ನು ಸ್ವಲ್ಪ ದಿನ ತಗ್ಗಿಸುತ್ತದೆ ಅಷ್ಟೇ. ಸತ್ತ ಹಲ್ಲು ಅಲ್ಲೇ ಕೂತಿರುತ್ತದಲ್ಲ, ಕೀವು ಮತ್ತೆ ತುಂಬುತ್ತದೆ. ಪೊಮೇರಿಯನ್‌ನಂಥ ಸಣ್ಣ ನಾಯಿಗೆ ಈ ಕಾಟ ಜಾಸ್ತಿ. ದೊಡ್ಡ ನಾಯಿಗಿರುವ 42 ಹಲ್ಲೇ ಇದರ ಪುಟ್ಟ ದವಡೆಯಲ್ಲೂ ಒತ್ತೊತ್ತಾಗಿ ಇರುತ್ತವೆ. ಸಂದಿಯಲ್ಲಿ ಕೊಳೆ ನಿಂತು ಗಟ್ಟಿಯಾಗಿ ಕಲ್ಲಿನಂತಾಗುತ್ತದೆ, ವಸಡು ಹಿಂದೆ ಸರಿಯುತ್ತದೆ, ಮೂಳೆ ಕರಗುತ್ತದೆ.

ಈಗ ದುಡ್ಡಿನ ಮಾತು. ಆ ಹನ್ನೊಂದು ತಿಂಗಳ ಚೀಟಿಗಳನ್ನೆಲ್ಲ ಕೂಡಿಸಿದಾಗ 9,400 ರೂಪಾಯಿ ಆಗಿತ್ತು. ರೋಗ ಇದ್ದಲ್ಲೇ ಇತ್ತು. ಹೈದರಾಬಾದಿನ ಒಂದು ಖಾಸಗಿ ಕ್ಲಿನಿಕ್ ಎಲ್ಲ ಸೇರಿ 28,000 ಅಂದಿತು. ನನ್ನ ಸಂಬಳಕ್ಕೆ ಅದು ಆಗದ ಮಾತು. ಆಗ ಪರಿಚಯದವರೊಬ್ಬರು ಬೀದರ್ ನೆನಪಿಸಿದರು. ಅಲ್ಲಿ ನಂದಿನಗರದಲ್ಲಿ ಪಶು ವೈದ್ಯಕೀಯ ಕಾಲೇಜು ಇದೆ, ರಾಜ್ಯದ ಪಶು ವಿಶ್ವವಿದ್ಯಾಲಯದ ಕೇಂದ್ರವೂ ಅದೇ. ಕಾಲೇಜಿನ ಆಸ್ಪತ್ರೆಯಲ್ಲಿ ಹೊರಗಿನವರ ನಾಯಿ, ಎಮ್ಮೆ, ಆಡು ಎಲ್ಲವನ್ನೂ ನೋಡುತ್ತಾರೆ. ಕಲಬುರಗಿಯಿಂದ ಸುಮಾರು 110 ಕಿ.ಮೀ. ಪಕ್ಕದ ಮನೆಯವರ ಕಾರಿನಲ್ಲಿ, ಬಿಸಿಲೇರುವ ಮುಂಚೆ ಹುಮನಾಬಾದ್ ದಾಟಿದೆವು. ರಕ್ತ ಪರೀಕ್ಷೆ, ಔಷಧ, ಎರಡು ಸಲದ ಡೀಸೆಲ್ ಎಲ್ಲ ಸೇರಿ ನನಗೆ 6,800 ಆಯಿತು. ಏಳು ಹಲ್ಲು ತೆಗೆದರು. ಕಲಿಯುವ ಹುಡುಗರು ಸುತ್ತ ನಿಂತಿರುತ್ತಾರೆ, ಸಮಯ ಹಿಡಿಯುತ್ತದೆ, ಒಂದಿಡೀ ದಿನ ಬಿಟ್ಟುಕೊಂಡು ಹೋಗಬೇಕು. ಹೋಗುವ ಮುಂಚೆ ಫೋನ್ ಮಾಡಿ, ಶಸ್ತ್ರಚಿಕಿತ್ಸೆ ವಿಭಾಗದವರು ಯಾವ ದಿನ ಸಿಗುತ್ತಾರೆ ಕೇಳಿಕೊಳ್ಳಿ.

ನೀವು ಎಲ್ಲೇ ಮಾಡಿಸಿ, ಒಪ್ಪಿಗೆ ಕೊಡುವ ಮುಂಚೆ ಖರ್ಚಿನ ಚೀಟಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಅರಿವಳಿಕೆಗೆ ಎಷ್ಟು, ಪರೀಕ್ಷೆಗೆ ಎಷ್ಟು, ಒಂದು ಹಲ್ಲಿಗೆ ಎಷ್ಟು ಅಂತ. ‘ನನ್ನ ಹತ್ತಿರ ಇಷ್ಟೇ ಇದೆ, ಇದರಲ್ಲಿ ಮೊದಲು ಯಾವುದು ಮಾಡಬೇಕು’ ಅಂತ ನೇರವಾಗಿ ಕೇಳಿ. ನಾಚಿಕೆ ಬೇಡ. ಕೀವಾದ, ಅಲುಗಾಡುವ ಹಲ್ಲು ಮೊದಲು. ಆದರೆ ಒಂದೇ ಸಲಕ್ಕೆ ಮುಗಿಯುವುದಾದರೆ ಒಳ್ಳೆಯದು, ಎರಡು ಸಲ ಅಂದರೆ ಎರಡು ಸಲ ಅರಿವಳಿಕೆ. ದೊಡ್ಡ ಊರುಗಳಲ್ಲಿ ನಾಯಿಗೂ ರೂಟ್ ಕೆನಾಲ್ ಮಾಡುತ್ತಾರೆ. ಮನೆ ನಾಯಿಗೆ ಅದು ಬೇಕೇ ಬೇಕು ಅಂತಿಲ್ಲ, ಕೀಳಿಸಿದರೂ ನೋವು ಹೋಗುತ್ತದೆ.

ಅರಿವಳಿಕೆಯ ಭಯ ನನಗೂ ಇತ್ತು. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ವಯಸ್ಸೊಂದೇ ಅಡ್ಡಿಯಲ್ಲ. ಮೂತ್ರಪಿಂಡ, ಪಿತ್ತಜನಕಾಂಗ, ಹೃದಯ ಹೇಗಿದೆ ಅನ್ನುವುದು ಮುಖ್ಯ. ಹಾಗಾಗಿ ರಕ್ತ ಪರೀಕ್ಷೆಯ ದುಡ್ಡು ಮಾತ್ರ ಉಳಿಸಲು ಹೋಗಬೇಡಿ. ನಾಯಿ ಕೆಮ್ಮುತ್ತಿದ್ದರೆ, ಬೇಗ ಸುಸ್ತಾಗುತ್ತಿದ್ದರೆ ಮೊದಲೇ ಹೇಳಿ. ಅರಿವಳಿಕೆ ಇಲ್ಲದೆ ಹಲ್ಲು ಕೆರೆದು ಬೆಳ್ಳಗೆ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ರೋಗ ಇರುವುದು ವಸಡಿನ ಒಳಗೆ, ಅಲ್ಲಿಗೆ ಅವರ ಕೈ ಹೋಗುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ನೋವು ನೋಡಲಾಗದೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ. ನಾಯಿಗೆ ಅವು ಜೀವಕ್ಕೇ ಕುತ್ತು ತರಬಹುದು. ನಮ್ಮ ಟೂತ್‌ಪೇಸ್ಟೂ ಬೇಡ.

ಹಲ್ಲಿಲ್ಲದೆ ಏನು ತಿನ್ನುತ್ತದೆ ಅಂತ ನಮ್ಮ ಅಮ್ಮ ಅತ್ತಿದ್ದರು. ಮೂರನೇ ದಿನಕ್ಕೆ ಚಿನ್ನಿ ತಟ್ಟೆ ನೆಕ್ಕಿ ಹೊಳೆಯುವಂತೆ ಮಾಡಿತ್ತು. ಎರಡು ವಾರ ಮೆತ್ತಗಿನದೇ ಕೊಟ್ಟೆವು: ಕಿವುಚಿದ ಅನ್ನ, ನುಣ್ಣಗೆ ಮಾಡಿದ ಕೋಳಿ, ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೋಕಿಸಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಗೇಟಿನ ಹತ್ತಿರ ಓಡಿ ಹೋಗಿ ಹಾಲಿನವರಿಗೆ ಬೊಗಳತೊಡಗಿತು. ಅದು ಬೊಗಳುವುದನ್ನು ಬಿಟ್ಟು ಒಂದು ವರ್ಷವಾಗಿತ್ತು ಅನ್ನುವುದು ನಮಗೆ ಹೊಳೆದಿದ್ದು ಆಗಲೇ.

ಇವತ್ತೇ ಹಗಲು ಬೆಳಕಿನಲ್ಲಿ ನಿಮ್ಮವನ ಎರಡೂ ಕಡೆಯ ತುಟಿ ಎತ್ತಿ ಫೋಟೋ ತೆಗೆಯಿರಿ. ಫೋನ್ ಮಾಡಿದಾಗ ಡಾಕ್ಟರಿಗೆ ಕಳಿಸಲು ಬೇಕಾಗುತ್ತದೆ. ಕಣ್ಣಿನ ಕೆಳಗೆ ಬಾವು ಕಂಡರೆ, ಒಂದೇ ಹೊಳ್ಳೆಯಿಂದ ಕೀವಿನಂಥ ಸಿಂಬಳ ಬರುತ್ತಿದ್ದರೆ ಈ ವಾರವೇ ಹೊರಡಿ. ಬೀದರಿಗೆ ಹೋಗುವುದಾದರೆ ಇಲ್ಲೇ ಕೇಳಿ, ದಾರಿ, ಹೊತ್ತು ಎಲ್ಲ ಹೇಳುತ್ತೇನೆ.