ಯಾವ ಗೇಮನ್ನು ರೋಗ್‌ಲೈಕ್ ಅನ್ನಬಹುದು? ಹೇಡಿಸ್ ಗೇಮ್ ಕೂಡ ಅದೇನಾ?

ಹೆಸರು ಬಂದಿದ್ದು 1980ರ ‘ರೋಗ್’ ಅನ್ನೋ ಕಂಪ್ಯೂಟರ್ ಗೇಮಿನಿಂದ, ಅಂದರೆ ‘ರೋಗ್’ ಥರದ್ದು ಅಂತ. ಅದರಲ್ಲಿ ಚಿತ್ರಗಳೇ ಇರಲಿಲ್ಲ, ರಾಕ್ಷಸರೆಲ್ಲ ಬರೀ ಇಂಗ್ಲಿಷ್ ಅಕ್ಷರಗಳು.

ಇಂಥ ಗೇಮಿನಲ್ಲಿ ಮುಖ್ಯವಾದದ್ದು ಸಾವು. ಸತ್ತರೆ ಮುಗೀತು, ಮೊದಲೇ ಉಳಿಸಿಟ್ಟ ಆಟ (ಸೇವ್) ತೆರೆದು ಮುಂದುವರಿಯುವ ಹಾಗಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದರೆ ನಕ್ಷೆಯೇ ಬೇರೆ ಇರುತ್ತದೆ, ಹಾಗಾಗಿ ದಾರಿ ಬಾಯಿಪಾಠ ಮಾಡಿ ಗೆಲ್ಲಲು ಆಗುವುದಿಲ್ಲ. ಆಟ ಸರದಿಯಲ್ಲಿ ನಡೆಯುತ್ತದೆ: ನೀವು ಹೆಜ್ಜೆ ಇಟ್ಟ ಮೇಲೇ ಶತ್ರು ಅಲುಗಾಡುತ್ತಾನೆ.

‘ನೆಟ್‌ಹ್ಯಾಕ್’ ಅನ್ನೋ ರೋಗ್‌ಲೈಕ್ ಗೇಮ್ ನೋಡಿ. ಅಲ್ಲಿ ಕಾಕಟ್ರೈಸ್ ಅನ್ನೋ ಪ್ರಾಣಿಯ ಹೆಣವನ್ನು ಬರಿಗೈಯಲ್ಲಿ ಎತ್ತಿದರೆ ಕಲ್ಲಾಗುತ್ತೀರಿ. ಗ್ಲೌಸ್ ಹಾಕಿದ್ದರೆ ಅದೇ ಹೆಣ ಬೀಸಿ ಶತ್ರುವನ್ನೇ ಕಲ್ಲು ಮಾಡಬಹುದು! ಮುಂದಿನ ಆಟಕ್ಕೆ ನಿಮ್ಮ ಜೊತೆ ಬರುವುದು ಇಂಥ ತಿಳುವಳಿಕೆ ಮಾತ್ರ.

ಹೇಡಿಸ್ (2020) ಹಾಗಲ್ಲ. ಸತ್ತು ಮನೆಗೆ ವಾಪಸ್ ಬಂದಾಗ ಆಟದಲ್ಲಿ ಕೂಡಿಟ್ಟ ‘ಡಾರ್ಕ್‌ನೆಸ್’ ಅನ್ನೋ ಸಂಪತ್ತನ್ನು ಖರ್ಚು ಮಾಡಿ ಅಲ್ಲಿರುವ ಕನ್ನಡಿಯಿಂದ ಶಾಶ್ವತ ಶಕ್ತಿ ಪಡೆಯಬಹುದು, ಹೊಡೆದಾಟಕ್ಕೂ ಸರದಿ ಗಿರದಿ ಏನಿಲ್ಲ. ಅದಕ್ಕೇ ಅಂಥವನ್ನು ರೋಗ್‌ಲೈಟ್ (ಹಗುರ ರೋಗ್‌ಲೈಕ್) ಅನ್ನುತ್ತಾರೆ.

2008ರಲ್ಲಿ ಬರ್ಲಿನ್‌ನಲ್ಲಿ ಗೇಮ್ ಡೆವಲಪರ್‌ಗಳು ಸೇರಿ ರೋಗ್‌ಲೈಕ್ ಲಕ್ಷಣಗಳ ಪಟ್ಟಿಯನ್ನೇ ಮಾಡಿದ್ದರು. ಈಗ ಅಷ್ಟು ಬಿಗಿಯಾಗಿ ಯಾರು ನೋಡ್ತಾರೆ ಬಿಡಿ. ಆದರೂ ನಕ್ಷೆ ಬದಲಾಗದ ಗೇಮಿಗೆ, ಅದು ಎಷ್ಟೇ ಕಷ್ಟ ಇರಲಿ, ನಾನಂತೂ ಸುಮ್ನೆ ಈ ಹೆಸರು ಕೊಡುವುದಿಲ್ಲ.