ಭತ್ತದ ದರಪಟ್ಟಿಯಲ್ಲಿ ತಪ್ಪು ಸಾಲು ಓದಿದ ಪರೀಕ್ಷೆ

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಗಳಿಗಾಗಿ ಭತ್ತದ ದರ ಮತ್ತು ಖರೀದಿ ಲೆಕ್ಕ ತೋರಿಸುವ ಜಾಲತಾಣವೊಂದನ್ನು ನಮ್ಮ ಸಣ್ಣ ತಂಡ ನಡೆಸುತ್ತಿದೆ. ಬ್ರೌಸರನ್ನು ತಾನೇ ನಡೆಸಿ ಪುಟಗಳನ್ನು ಪರೀಕ್ಷಿಸುವ ಸೆಲೆನಿಯಂ ಸಾಧನದ ಪರೀಕ್ಷೆಗಳಿಗೆ ಬೇಕಾದ ಎಕ್ಸ್‌ಪಾತ್‌ಗಳನ್ನು, ಅಂದರೆ ಪುಟದ ಅಂಶವೊಂದು ಎಲ್ಲಿದೆಯೆಂದು ಹೇಳುವ ವಿಳಾಸಗಳನ್ನು, ನಾನು ಬ್ರೌಸರ್‌ನಿಂದಲೇ ನಕಲು ಮಾಡಿಕೊಂಡಿದ್ದೇನೆ. ಪುಟ ತುಸು ಬದಲಾದರೂ ಅವು ಕೆಡುತ್ತವೆ. ಈಚೆಗೆ ಪಟ್ಟಿಗೆ ಹೊಸ ತಳಿ ಸೇರಿದಾಗ, ಸೋನಾ ಮಸೂರಿಯ ಬದಲು ಬೇರೆ ತಳಿಯ ದರ ಓದಿಯೂ ಪರೀಕ್ಷೆ ಪಾಸಾಯಿತು. ಪುಟದ ಅಂಶವನ್ನು ಹುಡುಕಿಕೊಡುವ ಯಾವ ಸೆಲೆಕ್ಟರ್‌ಗಳನ್ನು ನಂಬಬಹುದು?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಕೆಟ್ಟುಹೋಗುವ ಪರೀಕ್ಷೆಗಿಂತ ತಪ್ಪು ಸಾಲು ಓದಿ ಪಾಸಾಗುವ ಪರೀಕ್ಷೆಯೇ ಹೆಚ್ಚು ಅಪಾಯಕಾರಿ, ಮೊದಲನೆಯದು ನಿಮ್ಮನ್ನು ಎಚ್ಚರಿಸುತ್ತದೆ, ಎರಡನೆಯದು ಗಿರಣಿಯವರ ಲೆಕ್ಕವನ್ನೇ ಕೆಡಿಸಬಹುದು. ನಕಲು ಮಾಡಿದ ಪೂರ್ಣ ಎಕ್ಸ್‌ಪಾತ್ ‘ಎರಡನೆಯ ಡಿವ್ (ಪುಟದ ವಿಭಾಗ), ಅದರೊಳಗಿನ ಮೂರನೆಯ ಸಾಲು’ ಎಂದು ಜಾಗವನ್ನಷ್ಟೇ ಹೇಳುತ್ತದೆ, ಅಲ್ಲಿ ಯಾವ ತಳಿ ಇದೆ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಮೊದಲು ತಳಿಯ ಹೆಸರಿರುವ ಸಾಲನ್ನು ಹುಡುಕಿ, ಆ ಸಾಲಿನೊಳಗೆ ಮಾತ್ರ ದರದ ಕೋಶವನ್ನು ಹುಡುಕಿ. ಎಕ್ಸ್‌ಪಾತ್‌ನಲ್ಲಿಯೇ ಇದನ್ನು ಬರೆಯಬಹುದು. ತಪ್ಪು ಎಕ್ಸ್‌ಪಾತ್ ಎಂಬ ಭಾಷೆಯದಲ್ಲ, ನಕಲು ಮಾಡುವ ಅಭ್ಯಾಸದ್ದು.

ಪುಟದ ಕೋಡ್ ನಿಮ್ಮ ತಂಡದ ಕೈಯಲ್ಲೇ ಇರುವುದರಿಂದ, ಪ್ರತಿ ಸಾಲಿಗೂ ತಳಿಯ ಸಂಕೇತವನ್ನು ಹೊತ್ತ ‘ಡೇಟಾ-ಟೆಸ್ಟ್‌ಐಡಿ’ಯಂಥ, ಪರೀಕ್ಷೆಗೆಂದೇ ಇಡುವ ಗುಣಲಕ್ಷಣವನ್ನು ಸೇರಿಸುವುದೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಮನುಷ್ಯರು ಇಟ್ಟ, ಪುಟದಲ್ಲಿ ಒಮ್ಮೆ ಮಾತ್ರ ಬರುವ ಐಡಿಯೂ (ಅಂಶದ ಗುರುತಿನ ಹೆಸರು) ಒಳ್ಳೆಯದೇ. ಆದರೆ ಪುಟ ಕಟ್ಟಲು ಬಳಸುವ ಫ್ರೇಮ್‌ವರ್ಕ್ ತಾನೇ ಹುಟ್ಟಿಸಿದ, ಅಂಕಿಗಳ ಬಾಲವಿರುವ ಐಡಿಗಳು ಮುಂದಿನ ಬಿಲ್ಡ್‌ನಲ್ಲಿ, ಅಂದರೆ ಕೋಡ್‌ನಿಂದ ಪುಟವನ್ನು ಮತ್ತೆ ಸಿದ್ಧಪಡಿಸಿದಾಗ, ಹಾಗೆಯೇ ಉಳಿಯುತ್ತವೆಂಬ ಭರವಸೆಯಿಲ್ಲ. ಅಂಶಗಳಿಗೆ ಕೊಡುವ ಕ್ಲಾಸ್ ಹೆಸರುಗಳು ಪುಟದ ಅಲಂಕಾರಕ್ಕಾಗಿ ಇರುವಂಥವು. ಬಣ್ಣ ಬದಲಿಸುವವರು ನಿಮ್ಮ ಪರೀಕ್ಷೆಯನ್ನು ನೆನೆಯುವುದಿಲ್ಲ.

ಬಟನ್ ಮತ್ತು ಫಾರ್ಮ್‌ಗಳಿಗೆ ಅವುಗಳ ಪಾತ್ರ (ಬಟನ್, ಪಠ್ಯಪೆಟ್ಟಿಗೆ ಎಂಬಂಥ ಕೆಲಸದ ಗುರುತು) ಹಾಗೂ ಲೇಬಲ್‌ನಿಂದ ಹುಡುಕುವುದು ಮೇಲು. 2020ರಲ್ಲಿ ಬಂದ, ಸೆಲೆನಿಯಂನಂಥದ್ದೇ ಸಾಧನವಾದ ಪ್ಲೇರೈಟ್ ಇದಕ್ಕೇ ಆದ್ಯತೆ ಕೊಡುತ್ತದೆ. ಲೇಬಲ್ ಸಿಗದೆ ಪರೀಕ್ಷೆ ನಿಂತರೆ, ಸ್ಕ್ರೀನ್ ರೀಡರ್ ಬಳಸುವ ಅಂಧ ಬಳಕೆದಾರರಿಗೂ ಆ ಪೆಟ್ಟಿಗೆ ಏನೆಂದು ತಿಳಿಯದೆ ಹೋಗುವ ಸಂಭವವಿದೆ ಎಂಬುದು ನಿಮಗೆ ಗೊತ್ತಾಗುತ್ತದೆ.

ಕನ್ನಡ ಪಠ್ಯದಿಂದ ಹುಡುಕುವಾಗ ಇನ್ನೊಂದು ತೊಡಕಿದೆ. ‘ಕೊಪ್ಪಳ’ದ ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು, ‘ಸೋನಾ’ದ ‘ಸೋ’ದಲ್ಲಿಯೂ ಹಾಗೆಯೇ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿನ ಹೋಲಿಕೆಗೆ ಬೇರೆ. ದತ್ತಾಂಶವನ್ನು ಉಳಿಸುವಾಗಲೂ ಪರೀಕ್ಷೆಯಲ್ಲಿ ಬರೆಯುವಾಗಲೂ ಇಂಥ ಜೋಡಣೆಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಈ ಗೊಂದಲ ನೀಗುತ್ತದೆ. ಪುಟ ಇಂಗ್ಲಿಷಿನಲ್ಲಿಯೂ ಇದ್ದರೆ ಪಠ್ಯವನ್ನು ಬಿಟ್ಟು ತಳಿಯ ಸಂಕೇತವನ್ನೇ ಹಿಡಿಯಿರಿ.

ಸೆಲೆಕ್ಟರ್‌ಗೆ ಎಷ್ಟು ಅಂಶಗಳು ಹೊಂದುತ್ತವೆ ಎಂಬುದನ್ನೂ ಪರೀಕ್ಷೆಯೇ ಎಣಿಸಲಿ. ಸೆಲೆನಿಯಂನಲ್ಲಿ ಒಂದೇ ಅಂಶವನ್ನು ಹುಡುಕುವ ಆಜ್ಞೆ, ಹಲವು ಹೊಂದಿದರೂ ಮೊದಲನೆಯದನ್ನು ಸುಮ್ಮನೆ ಕೊಟ್ಟುಬಿಡುತ್ತದೆ. ಎಲ್ಲವನ್ನೂ ಹುಡುಕಿಸಿ, ಸಂಖ್ಯೆ ಒಂದಲ್ಲದಿದ್ದರೆ ಪರೀಕ್ಷೆಯನ್ನು ಅಲ್ಲಿಯೇ ವಿಫಲಗೊಳಿಸಿ. ಎಲ್ಲ ಪರೀಕ್ಷೆಗಳನ್ನೂ ಒಮ್ಮೆಗೇ ತಿದ್ದಬೇಕಾಗಿಲ್ಲ. ದರ, ತೂಕ ಮತ್ತು ಮೊತ್ತವನ್ನು ಓದುವ ಸೆಲೆಕ್ಟರ್‌ಗಳನ್ನು ಈ ವಾರವೇ ಬದಲಿಸಿ, ಮೆನು ಮತ್ತು ಶೀರ್ಷಿಕೆಗಳವು ಆಮೇಲೆ ಆಗಲಿ.