ಪ್ರತಿಭಟನೆಗೆಂದೇ ಸ್ವಾತಂತ್ರ್ಯ ಉದ್ಯಾನ ಇರುವಾಗ ಜನ ರಸ್ತೆಗೆ ಇಳಿಯುವುದೇಕೆ?

ಬೆಂಗಳೂರಿನಲ್ಲಿ ಧರಣಿ, ಮೆರವಣಿಗೆಗಳಿಗೆ ಸ್ವಾತಂತ್ರ್ಯ ಉದ್ಯಾನವನ್ನು ಗೊತ್ತುಮಾಡಿದ ಮೇಲೂ ಕೆಲವರು ಬೇರೆ ಜಾಗಕ್ಕಾಗಿ ಹಟ ಹಿಡಿಯುವುದೇಕೆ, ಬೇಡಿಕೆ ನ್ಯಾಯವಾದದ್ದಾದರೆ ಎಲ್ಲಿ ಕೂತು ಕೇಳಿದರೂ ಅದರ ತೂಕ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ಆಂಬುಲೆನ್ಸ್ ಸಿಕ್ಕಿಕೊಂಡರೆ ಹೊಣೆ ಯಾರು ಎಂದೂ ಕೇಳಿದ್ದೀರಿ. ಎರಡೂ ಪ್ರಾಮಾಣಿಕವಾದ ಪ್ರಶ್ನೆಗಳು. ಮೊದಲನೆಯದಕ್ಕೆ ನನ್ನ ಉತ್ತರ, ತೂಕ ಒಂದೇ ಆಗಿರುವುದಿಲ್ಲ ಎಂಬುದು.

ನಾನು ಬೆಳೆದದ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಊರಿನ ನ್ಯಾಯ ನಡೆಯುತ್ತಿದ್ದುದು ದೇವಸ್ಥಾನದ ಮುಂದಿನ ಅರಳಿಕಟ್ಟೆಯಲ್ಲಿ. ಕೇರಿಯವರದು ದೂರಿದ್ದರೂ ವಿಚಾರಣೆ ಅಲ್ಲಿಯೇ ಆಗುತ್ತಿತ್ತು, ಅವರು ಮಾತಾಡುವುದನ್ನು ಯಾರೂ ತಡೆಯುತ್ತಿರಲಿಲ್ಲ. ಆದರೆ ಊರಿನ ಹಿರಿಯರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ದೂರು ತಂದವರು ಚಪ್ಪಲಿ ದೂರ ಬಿಟ್ಟು ಕೆಳಗೆ ಬಿಸಿಲಿನಲ್ಲಿ ನಿಂತು, ಕತ್ತು ಮೇಲೆತ್ತಿ ಹೇಳಿಕೊಳ್ಳಬೇಕಾಗಿತ್ತು. ಬಾಯಿ ತೆರೆಯುವ ಮೊದಲೇ ಅರ್ಧ ತೀರ್ಪು ಆಗಿಹೋಗಿರುತ್ತಿತ್ತೆಂದು ನನಗೆ ಅರ್ಥವಾಗಲು ಬಹಳ ವರ್ಷಗಳೇ ಬೇಕಾದವು.

ಜಾಗಕ್ಕೆ ಇಂಥ ಶಕ್ತಿ ಇದೆಯೆಂಬುದನ್ನು ಆಳುವವರು ಎಂದೂ ಮರೆತವರಲ್ಲ. 1809ರ ಹೊತ್ತಿಗೆ ನೆಲೆಗೊಂಡ ಬೆಂಗಳೂರಿನ ದಂಡು ಪ್ರದೇಶ, ಅಂದರೆ ಬ್ರಿಟಿಷರ ಸೇನಾ ನೆಲೆಯಾದ ಕಂಟೋನ್ಮೆಂಟ್, 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದ ಮೇಲೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಿದ್ದವು, ನಡುವೆ ಕಬ್ಬನ್ ಪಾರ್ಕ್ ಹರಡಿಕೊಂಡಿತ್ತು. ಎರಡೂ ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಆ ಪಾರ್ಕಿನ ಅಂಚಿನಲ್ಲಿ ಬ್ರಿಟಿಷ್ ಆಡಳಿತ 1860ರ ದಶಕದಲ್ಲಿ ಕಟ್ಟಿದ ಕೆಂಪು ಬಣ್ಣದ ಅಠಾರಾ ಕಚೇರಿಗೆ ಎದುರಾಗಿ, ರಸ್ತೆಯ ಆಚೆಗೇ, ವಿಧಾನಸೌಧ ನಿಂತಿದೆ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ, ಕೆಂಗಲ್ ಹನುಮಂತಯ್ಯನವರು ಹಿಗ್ಗಿಸಿ ಕಟ್ಟಿಸಿದ ಆ ಕಲ್ಲಿನ ಸೌಧ ಪರದೇಶದ ಆಡಳಿತದ ಕಟ್ಟಡವನ್ನು ಗಾತ್ರದಲ್ಲೂ ಎತ್ತರದಲ್ಲೂ ಮೀರಿಸಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ತೆರೆದಾಗಲೂ ಕರ್ನಾಟಕ ಅದೇ ಭಾಷೆಯಲ್ಲಿ ಮಾತಾಡಿತು: ಗಡಿಯ ಬಗ್ಗೆ ಮಹಾರಾಷ್ಟ್ರದ ಜೊತೆ ವ್ಯಾಜ್ಯವಿರುವ ನೆಲದಲ್ಲಿ ಶಾಸನಸಭೆಯನ್ನೇ ಕೂರಿಸುವುದಕ್ಕಿಂತ ದೊಡ್ಡ ಹೇಳಿಕೆ ಬೇರೆ ಇಲ್ಲ. ಅಲ್ಲಿ ಚಳಿಗಾಲದ ಅಧಿವೇಶನ ನಡೆಯುವಷ್ಟು ದಿನ ಉತ್ತರ ಕರ್ನಾಟಕದ ರೈತರಿಗೆ, ಅತಿಥಿ ಉಪನ್ಯಾಸಕರಿಗೆ, ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಹತ್ತಿರವಾಗುತ್ತದೆ. ಅಧಿವೇಶನ ಮುಗಿದ ಮರುದಿನ ಅದೇ ಸರ್ಕಾರ ಒಂದು ರಾತ್ರಿಯ ಪ್ರಯಾಣದಷ್ಟು ದೂರ ಹೋಗಿಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ (ಪಿಎಫ್) ನಿಯಮವನ್ನು ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಕಾರ್ಮಿಕರು ತೆಗೆಯುವಂತಿಲ್ಲ ಎಂದಾಯಿತು. ಮದುವೆ, ಕಾಯಿಲೆ, ಮಕ್ಕಳ ಫೀಸು ಎಂದು ಕೆಲಸ ಬಿಟ್ಟಾಗಲೆಲ್ಲ ಪಿಎಫ್ ಹಣವನ್ನೇ ನೆಚ್ಚಿಕೊಂಡಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದು ದುಡಿದ ದುಡ್ಡನ್ನೇ ಕಿತ್ತುಕೊಂಡ ಹಾಗೆ ಕಂಡಿತು. ಏಪ್ರಿಲ್ 18ರಂದು ಅವರು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆಯಲ್ಲಿ ಕೂತರು. ನಾನು ಬೊಮ್ಮನಹಳ್ಳಿಯ ಹತ್ತಿರ ಬಸ್ಸಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಇಳಿದು ಅವರ ನಡುವೆಯೇ ನಡೆದುಹೋದೆ. ಮುಂದೆ ನಿಂತು ಭಾಷಣ ಮಾಡುವ ನಾಯಕರು ನನಗೆ ಕಾಣಲಿಲ್ಲ. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಡಾಂಬರಿನ ಮೇಲೆ ಕೂತಿದ್ದ ಸಾವಿರಾರು ಹೆಂಗಸರು ಕಂಡರು. ಮರುದಿನ ಪ್ರತಿಭಟನೆ ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಕಲ್ಲುತೂರಾಟ, ಲಾಠಿ ಪ್ರಹಾರ, ಬಸ್ಸುಗಳಿಗೆ ಬೆಂಕಿ ಎಲ್ಲವೂ ಆದವು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದೇ ದಿನ, 19ರಂದೇ, ದೆಹಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಆ ಹೆಣ್ಣುಮಕ್ಕಳು ಅಂದು ಮನವಿ ಪತ್ರ ಹಿಡಿದು ಗೊತ್ತಾದ ಮೈದಾನಕ್ಕೆ ಹೋಗಿದ್ದರೆ ಎರಡೇ ದಿನದಲ್ಲಿ ಕೇಂದ್ರ ಸಚಿವರು ಮಾತಾಡುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ಹೊಸೂರು ರಸ್ತೆ ಎಲೆಕ್ಟ್ರಾನಿಕ್ ಸಿಟಿಗೆ, ಮುಂದೆ ತಮಿಳುನಾಡಿಗೆ ಹೋಗುವ ದಾರಿ. ಅಲ್ಲಿನ ಸಾಫ್ಟ್‌ವೇರ್ ಕಂಪನಿಗಳು ಜಗತ್ತಿಗೇ ಗೊತ್ತು. ಅದೇ ರಸ್ತೆಯ ಪಕ್ಕದ ಕಾರ್ಖಾನೆಗಳಲ್ಲಿ ಹೊಲಿಯುವವರು ಮಾತ್ರ ನಗರದ ಕಣ್ಣಿಗೆ ಬಿದ್ದಿರಲಿಲ್ಲ. ದಿನವೂ ಯಾರ ಕಣ್ಣಿಗೂ ಬೀಳದೆ ನಡೆದಾಡುತ್ತಿದ್ದ ದಾರಿಯಲ್ಲಿ ಒಂದು ದಿನ ಕೂತದ್ದರಿಂದಲೇ ಅವರು ಕಂಡರು.

ಸ್ವಾತಂತ್ರ್ಯ ಉದ್ಯಾನದ ವಿಷಯದಲ್ಲಿ ಅನ್ಯಾಯವಾಗಿ ಮಾತಾಡಲಾರೆ. ಅದು ಹಳೆಯ ಸೆಂಟ್ರಲ್ ಜೈಲಿನ ಜಾಗ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದದ್ದು ಅಲ್ಲಿಯೇ. ಮೆಜೆಸ್ಟಿಕ್ಕಿಗೆ ಹತ್ತಿರವಿರುವುದರಿಂದ ರಾಯಚೂರಿನಿಂದ ರಾತ್ರಿ ರೈಲು ಹತ್ತಿ ಬಂದವರು ನಡೆದೇ ತಲುಪಬಹುದು, ಇದು ಸಣ್ಣ ಅನುಕೂಲವಲ್ಲ. ಆದರೆ 2021ರ ಸರ್ಕಾರಿ ಆದೇಶ, 2022ರಲ್ಲಿ ಹೈಕೋರ್ಟ್ ನೀಡಿದ ನಿರ್ದೇಶನ, ಇವುಗಳ ಬಳಿಕ ಅದು ಹಲವು ಜಾಗಗಳಲ್ಲಿ ಒಂದಾಗಿ ಉಳಿಯದೆ ಏಕೈಕ ಜಾಗವಾಯಿತು. ಒಂದೇ ದಿನ ನಾಲ್ಕೈದು ಸಂಘಟನೆಗಳು ಅಕ್ಕಪಕ್ಕ ಶಾಮಿಯಾನ ಹಾಕಿಕೊಂಡು, ಒಬ್ಬರ ಮೈಕು ಇನ್ನೊಬ್ಬರ ಮಾತನ್ನು ನುಂಗುತ್ತಿರುವುದನ್ನು ಅಲ್ಲಿ ನೋಡಿದ್ದೇನೆ. ಯಾರ ವಿರುದ್ಧ ದೂರೋ ಅವರು ಆ ದಾರಿಯಲ್ಲಿ ಹಾಯಬೇಕಾದ ಅಗತ್ಯವೇ ಇಲ್ಲ. ಸಂಬಂಧವಿಲ್ಲದ ದಾರಿಹೋಕರು ನಿಂತು ‘ಏನಮ್ಮಾ ವಿಷಯ’ ಎಂದು ಕೇಳುವ ಸಂದರ್ಭವೂ ಕಡಿಮೆ. ಬಂದವರೆಲ್ಲ ಮೊದಲೇ ಒಪ್ಪಿಕೊಂಡವರಾದಾಗ ಪ್ರತಿಭಟನೆಗೆ ಹೊಸಬರ ಮನಸ್ಸನ್ನು ಮುಟ್ಟುವ ದಾರಿಯೇ ಇರುವುದಿಲ್ಲ.

ದೇವನಹಳ್ಳಿಯವರು ಗೆದ್ದರಲ್ಲ ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನವನ್ನು ವಿರೋಧಿಸಿ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷ ತಮ್ಮ ಊರಿನಲ್ಲೇ ಧರಣಿ ಕೂತರು. ವಿಮಾನ ನಿಲ್ದಾಣಕ್ಕೆ ಓಡಾಡುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತು? 2025ರ ಜೂನ್‌ನಲ್ಲಿ ದೇವನಹಳ್ಳಿ ಚಲೋ ನಡೆದು, ಪೊಲೀಸರು ಅವರನ್ನು ಎಬ್ಬಿಸಿ ಕರೆದೊಯ್ದ ಮೇಲೆ ಹೋರಾಟ ಸ್ವಾತಂತ್ರ್ಯ ಉದ್ಯಾನಕ್ಕೆ ಬಂತು. ಲೇಖಕರು, ವಿದ್ಯಾರ್ಥಿಗಳು, ಕಾರ್ಮಿಕ ಸಂಘಗಳು ಜೊತೆಗೂಡಿದವು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಮೂರು ವರ್ಷದ ಸಹನೆಯೇ ಆ ಗೆಲುವಿನ ಬುನಾದಿ, ಅನುಮಾನವಿಲ್ಲ. ಆದರೂ ಹಳ್ಳಿಯಲ್ಲಿ ಸಾವಿರ ದಿನ ದಾಟಿದರೂ ಕದಲದ ಸರ್ಕಾರ ನಗರದ ನಡುವೆ ಕೆಲವೇ ವಾರಗಳಲ್ಲಿ ಕದಲಿತು ಎಂಬುದನ್ನು ಗಮನಿಸಿ. ಇದು ನನ್ನ ಮಾತಿಗೆ ವಿರುದ್ಧವಾದ ಉದಾಹರಣೆಯೆಂದು ನನಗೆ ತೋರುವುದಿಲ್ಲ.

ಇನ್ನು ಆಂಬುಲೆನ್ಸ್ ವಿಷಯ. ಆ ಭಯ ನಿಜ, ರಸ್ತೆಯನ್ನು ದಿನಗಟ್ಟಲೆ ಮುಚ್ಚುವ ಹಕ್ಕು ಯಾರಿಗೂ ಇರಬಾರದು. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದು ದೆಹಲಿಯ ಶಾಹೀನ್ ಬಾಗ್‌ನ ರಸ್ತೆ ಧರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದೇ ನ್ಯಾಯಾಲಯ 2018ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಯನ್ನು ಪೂರ್ತಿ ನಿಷೇಧಿಸಲಾಗದು ಎಂದೂ ಹೇಳಿದೆ. ಈ ಎರಡರ ನಡುವೆ ಬೆಂಗಳೂರಿಗೆ ಸಾಕಷ್ಟು ಜಾಗವಿದೆ: ನೂರು ಜನರ ಗುಂಪು ಸಂಬಂಧಪಟ್ಟ ಇಲಾಖೆಯ ಕಚೇರಿಯೆದುರು ಕಾಲುದಾರಿಯ ಬದಿಗೆ ಎರಡು ಗಂಟೆ ನಿಲ್ಲಲು, ಭಾನುವಾರ ಬೆಳಿಗ್ಗೆ ಒಂದು ಮೆರವಣಿಗೆ ವಿಧಾನಸೌಧದ ಮುಂದೆ ಹಾದುಹೋಗಲು ಅನುಮತಿ ಕೊಟ್ಟರೆ ಯಾವ ಆಂಬುಲೆನ್ಸೂ ನಿಲ್ಲಬೇಕಾಗುವುದಿಲ್ಲ.